ಸ್ಪ್ರೇ ಪಂಪಿನ ಬ್ಯಾಟರಿ, ಸುಟ್ಟ ಕೌದಿ ಮತ್ತು 12 ವ್ಯಾಟಿನ ಕಾವು

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಹಳ್ಳಿ. ಎರಡು ಎಕರೆ ದ್ರಾಕ್ಷಿ ಇದೆ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಾಗ ನೀರು ಬಿಡಲು ತಂದೆಯವರು ತೋಟದ ಶೆಡ್ಡಿನಲ್ಲೇ ಹೊರಸಿನ ಮೇಲೆ ಮಲಗುತ್ತಾರೆ. ಅವರಿಗೆ 66 ವರ್ಷ, ಮೊಣಕಾಲು ನೋವಿದೆ, ಹತ್ತು ವರ್ಷದಿಂದ ಶುಗರ್ ಇದೆ. ಶೆಡ್ಡಿಗೆ ಲೈಟಿನ ಕನೆಕ್ಷನ್ ಇಲ್ಲ. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇ ಪಂಪಿನ 12 ವೋಲ್ಟ್, 8 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿ ರಾತ್ರಿ ಸುಮ್ಮನೆ ಬಿದ್ದಿರುತ್ತದೆ. ಅದರಿಂದ ಹೀಟಿಂಗ್ ಪ್ಯಾಡ್ ಮಾಡೋಣವೆಂದು ಹಳೆಯ 1000 ವ್ಯಾಟಿನ ಕರೆಂಟ್ ಒಲೆಯ ಕಾಯಿಲ್ ಬಿಚ್ಚಿ ಜೋಡಿಸಿದರೆ ಬಿಸಿಯೇ ಆಗಲಿಲ್ಲ. ಅದರಲ್ಲೇ ನಾಲ್ಕು ಬೆರಳುದ್ದ ಕತ್ತರಿಸಿ ಜೋಡಿಸಿದಾಗ ಕ್ಷಣದಲ್ಲಿ ಕೆಂಪಗಾಗಿ ಕೌದಿಯ ಅಂಚು ಸುಟ್ಟಿತು. ಸರಿಯಾದ ರೀತಿ ಯಾವುದು? ಬ್ಯಾಟರಿಯನ್ನು 20 ವ್ಯಾಟಿನ ಸೋಲಾರ್ ಪ್ಯಾನೆಲ್‌ನಿಂದ ಚಾರ್ಜ್ ಮಾಡಿಕೊಳ್ಳಬಹುದೇ?

ಉತ್ತರ: ಪ್ಯಾಡ್ ಮಾಡಬಹುದು, ಆದರೆ ಆ ಕಾಯಿಲ್‌ನಿಂದ ಬೇಡ. ಏಕೆ ಬೇಡ ಎಂಬುದು ನಿಮ್ಮ ಎರಡು ಪ್ರಯೋಗಗಳಲ್ಲೇ ಇದೆ. ಅವೆರಡನ್ನೂ ಮೊದಲು ಲೆಕ್ಕ ಹಾಕಿ ನೋಡೋಣ.

230 ವೋಲ್ಟಿನಲ್ಲಿ 1000 ವ್ಯಾಟ್ ಕೊಡುವ ಕಾಯಿಲ್‌ನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸುಮಾರು 53 ಓಮ್. ಅದನ್ನು ಇಡಿಯಾಗಿ 12 ವೋಲ್ಟಿಗೆ ಜೋಡಿಸಿದರೆ ಹರಿಯುವ ಕರೆಂಟು ಕಾಲು ಆಂಪಿಯರ್‌ಗಿಂತ ತುಸು ಕಡಿಮೆ, ಹುಟ್ಟುವ ಕಾವು 3 ವ್ಯಾಟ್ ಕೂಡ ಅಲ್ಲ. ಅಷ್ಟು ಉದ್ದದ ತಂತಿಗೆ ಅದು ಹಂಚಿಹೋದರೆ ಬೆರಳಿಗೆ ತಾಗುವುದೇ ಇಲ್ಲ. ಇನ್ನು ನೀವು ಕತ್ತರಿಸಿದ ತುಂಡಿನ ಕಥೆ ಬೇರೆ. 12 ವೋಲ್ಟ್ ಎಂಬುದು 230 ವೋಲ್ಟಿನ ಸುಮಾರು ಹತ್ತೊಂಬತ್ತನೆಯ ಒಂದು ಪಾಲು. ಕಾಯಿಲನ್ನೂ ಹತ್ತೊಂಬತ್ತನೆಯ ಒಂದು ಪಾಲಿಗೆ ಕತ್ತರಿಸಿದರೆ ಆ ತುಂಡಿನಲ್ಲಿ ಹರಿಯುವ ಕರೆಂಟು ಒಲೆಯಲ್ಲಿ ಹರಿಯುತ್ತಿದ್ದಷ್ಟೇ ಆಗುತ್ತದೆ, ಅಂದರೆ ನಾಲ್ಕು ಆಂಪಿಯರ್‌ಗೂ ಮೇಲೆ. ಆ ತುಂಡು ಒಲೆಯಲ್ಲಿ ಯಾವ ಕೆಂಪಿಗೆ ಉರಿಯುತ್ತಿತ್ತೋ ಅದೇ ಕೆಂಪಿಗೆ ಉರಿಯುತ್ತದೆ. ನೀವು ತಿಳಿಯದೆ ಕೌದಿಯ ಮಡಿಕೆಯೊಳಗೆ 50 ವ್ಯಾಟಿನ ಪುಟ್ಟ ಒಲೆ ಹಚ್ಚಿದಿರಿ. ಬ್ಯಾಟರಿಯದು 12 ವೋಲ್ಟ್ ತಾನೆ, ಏನಾದೀತು ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. 12 ವೋಲ್ಟ್ ಮುಟ್ಟಿದರೆ ಒಣ ಕೈಗೆ ಶಾಕ್ ಹೊಡೆಯುವುದಿಲ್ಲ ಎನ್ನುವುದು ನಿಜ, ಆದರೆ ಬೆಂಕಿ ಹತ್ತುವುದಕ್ಕೆ ವೋಲ್ಟಿನ ಹಂಗಿಲ್ಲ. ನಿಮ್ಮ ಬ್ಯಾಟರಿಯ ಒಳರೋಧ ಎಷ್ಟು ಕಡಿಮೆಯೆಂದರೆ, ಎರಡು ತುದಿಗಳು ನೇರ ತಾಗಿದರೆ ನೂರು ಆಂಪಿಯರ್‌ಗೂ ಮಿಕ್ಕಿ ಕರೆಂಟು ನುಗ್ಗಬಲ್ಲದು. ಸಾಧಾರಣ ವೈರಿನ ಪ್ಲಾಸ್ಟಿಕ್ ಕರಗುವುದಕ್ಕೆ ಅದಕ್ಕಿಂತ ಬಹಳ ಕಡಿಮೆ ಸಾಕು.

ಇಂಥ ಬ್ಯಾಟರಿಯ ಸ್ವಭಾವವೇ ಹೀಗೆ: ಬೆಂಕಿ ಹಚ್ಚುವುದರಲ್ಲಿ ಧಾರಾಳ, ಬೆಚ್ಚಗಿಡುವುದರಲ್ಲಿ ಜಿಪುಣ. ಧಾರಾಳಕ್ಕೆ ಫ್ಯೂಸು ಹಾಕಿ ತಡೆಯಬೇಕು, ಜಿಪುಣತನಕ್ಕೆ ತಕ್ಕಂತೆ ಕಾವನ್ನು ಲೆಕ್ಕವಿಟ್ಟು ಖರ್ಚು ಮಾಡಬೇಕು.

ಜಿಪುಣತನದ ಲೆಕ್ಕವನ್ನೇ ತೆಗೆದುಕೊಳ್ಳಿ. 12 ವೋಲ್ಟನ್ನು 8 ಆಂಪಿಯರ್-ಅವರಿನಿಂದ ಗುಣಿಸಿದರೆ 96 ವ್ಯಾಟ್-ಅವರ್, ಅಂದರೆ ಮೀಟರಿನ ಒಂದು ಯೂನಿಟ್‌ನ ಹತ್ತನೆಯ ಒಂದು ಪಾಲೂ ತುಂಬುವುದಿಲ್ಲ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು 87 ವ್ಯಾಟ್-ಅವರ್ ಬೇಕು. ನಿಮ್ಮ ತಂದೆ ದಿನವಿಡೀ ಬೆನ್ನ ಮೇಲೆ ಹೊತ್ತು ತಿರುಗುವ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಸುರಿದರೂ ಒಂದು ತಂಬಿಗೆ ನೀರು ಕುದಿಸುವಷ್ಟರಲ್ಲಿ ಬರಿದಾಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಜಾಲಿ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್‌ನಷ್ಟು ಕಾವಿದೆ. ಆ ಲೆಕ್ಕದಲ್ಲಿ ನಿಮ್ಮ ಬ್ಯಾಟರಿ 25 ಗ್ರಾಂ ಕಟ್ಟಿಗೆಗೆ ಸಮ. ಅಲ್ಲದೆ ಲೆಡ್-ಆಸಿಡ್ ಬ್ಯಾಟರಿಯನ್ನು ಪ್ರತಿ ರಾತ್ರಿ ಪೂರ್ತಿ ಹಿಂಡಿದರೆ ಅದು ಬೇಗನೆ ಕೈಕೊಡುತ್ತದೆ. ಅರ್ಧ ಬಳಸಿ ಅರ್ಧ ಉಳಿಸುವುದು ಒಳ್ಳೆಯ ಪದ್ಧತಿ. ಹಾಗಾಗಿ ನಿಮ್ಮ ಕೈಗೆ ಸಿಗುವುದು 48 ವ್ಯಾಟ್-ಅವರ್ ಮಾತ್ರ.

ಈ ಮೊತ್ತವನ್ನು ಶೆಡ್ಡಿನ ಗಾಳಿ ಬಿಸಿಮಾಡಲು ಬಳಸುವುದೆಂದರೆ ಉಸುಕಿಗೆ ನೀರು ಹೊಯ್ದಂತೆ. ಫ್ಯಾನ್ ಇಟ್ಟು, ಡಬ್ಬಿಯೊಳಗೆ ಕಾಯಿಲ್ ಕೂರಿಸಿ ಬ್ಯಾಟರಿ ರೂಮ್ ಹೀಟರ್ ಮಾಡುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಅಂಥದ್ದನ್ನು ಮಾಡಿಕೊಂಡವರಿಗೆ ಕೇಳುವುದು ಫ್ಯಾನಿನ ಸದ್ದು ಮಾತ್ರ. ಬಾಗಿಲಿಲ್ಲದ ತಗಡಿನ ಶೆಡ್ಡಿಗೆ ಒಂದು ಸಾವಿರ ವ್ಯಾಟ್ ಸುರಿದರೂ ಸಾಲದು.

ಹಾಗಾದರೆ ಈ 48 ವ್ಯಾಟ್-ಅವರ್ ಎಲ್ಲಿ ಉಪಯೋಗಕ್ಕೆ ಬಂದೀತು? ಮನುಷ್ಯನ ದೇಹ ತಾನೇ ಒಂದು ಒಲೆ. ಮಲಗಿದ ದೊಡ್ಡವರ ಮೈಯಿಂದ ಸುಮಾರು 70ರಿಂದ 80 ವ್ಯಾಟ್ ಕಾವು ಸದಾ ಹೊರಗೆ ಬರುತ್ತಲೇ ಇರುತ್ತದೆ, ಅದಕ್ಕೆ ಬ್ಯಾಟರಿಯೂ ಬೇಡ, ಫ್ಯೂಸೂ ಬೇಡ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಕೌದಿ ಮಾಡುವ ಕೆಲಸ ಈ ಕಾವನ್ನು ಹಿಡಿದಿಡುವುದೇ. ಪ್ಯಾಡು ಕೊಡುವ 12 ವ್ಯಾಟ್ ಆ 80ರ ಜೊತೆಗೆ ಸೇರುವ ಕೈಗಡ. ಕೌದಿಯ ಒಳಗೆ, ನೋವಿರುವ ಮೊಣಕಾಲಿನ ಹತ್ತಿರ ಅದನ್ನು ಕೊಟ್ಟರೆ ಖಂಡಿತ ಹಿತವೆನಿಸುತ್ತದೆ. ಕೌದಿಯ ಹೊರಗೆ ಕೊಟ್ಟರೆ ಕೊಟ್ಟದ್ದೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ಹೊರಸಿನ ಮೇಲೆ ಮಲಗುವವರಿಗೆ ಚಳಿ ಹತ್ತುವುದು ಹೆಚ್ಚಾಗಿ ಕೆಳಗಿನಿಂದ. ಹೊರಸಿನ ಹಗ್ಗದ ಸಂದಿಯಿಂದ ಗಾಳಿ ಆಡುತ್ತದೆ, ಮೈಯ ಭಾರಕ್ಕೆ ಹಾಸಿಗೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೊರಹೋಗಿರುತ್ತದೆ. ನಮ್ಮ ಕಡೆ ಡಿಸೆಂಬರ್-ಜನವರಿಯ ನಸುಕಿನಲ್ಲಿ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವ ದಿನಗಳಿರುತ್ತವೆ. ಅಂಥ ರಾತ್ರಿ ಮೇಲೆ ಮೂರು ಕೌದಿ ಹೊದ್ದು ಕೆಳಗೆ ಒಂದೇ ಚಾದರ ಹಾಸಿದರೆ ಬ್ಯಾಟರಿ ಏನು ಮಾಡೀತು? ಹೊರಸಿನ ಮೇಲೆ ಮೊದಲು ದಪ್ಪನೆಯ ರಟ್ಟಿನ ಹಾಳೆ, ಅದರ ಮೇಲೆ ಎರಡು ಗೋಣಿಚೀಲ, ಅದರ ಮೇಲೆ ಗಾದಿ ಹಾಸಿ ನೋಡಿ. ದ್ರಾಕ್ಷಿ ತುಂಬುವ ರಟ್ಟಿನ ಬಾಕ್ಸ್ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಖರ್ಚಿಲ್ಲದ ಈ ಕೆಲಸದಿಂದ ಸಿಗುವ ಬಿಸುಪು ಪ್ಯಾಡಿನಿಂದ ಸಿಗುವುದಕ್ಕಿಂತ ಕಡಿಮೆಯೇನಲ್ಲ.

ಈಗ ಪ್ಯಾಡಿನ ರಚನೆಗೆ ಬರೋಣ. 12 ವ್ಯಾಟ್ ಎಂದು ನಿಗದಿ ಮಾಡಿದ್ದಕ್ಕೆ ಕಾರಣ ಸರಳ: 12 ವೋಲ್ಟಿನಲ್ಲಿ ಅದು ಒಂದೇ ಆಂಪಿಯರ್, ಅರ್ಧ ಬ್ಯಾಟರಿಯಲ್ಲಿ ಸುಮಾರು ನಾಲ್ಕು ತಾಸು ನಡೆಯುತ್ತದೆ. ಬೇಕಾದ ಒಟ್ಟು ರೋಧ 12 ಓಮ್. ಇದನ್ನು ಯಾವ ತಂತಿಯಿಂದ ಪಡೆಯುತ್ತೀರಿ ಎನ್ನುವುದರ ಮೇಲೆ ಪ್ಯಾಡಿನ ಗುಣ ನಿಂತಿದೆ. ಒಲೆಯ ಕಾಯಿಲ್ ನೈಕ್ರೋಮ್ ಎಂಬ ಮಿಶ್ರಲೋಹದ್ದು, ಸುಮಾರು 80 ಪಾಲು ನಿಕಲ್, 20 ಪಾಲು ಕ್ರೋಮಿಯಂ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ತುಕ್ಕು ತಿನ್ನದೆ ವರ್ಷಗಟ್ಟಲೆ ಬಾಳುವುದು ಅದರ ಹೆಚ್ಚುಗಾರಿಕೆ. ಆದರೆ ನಮಗೆ ಕೆಂಪಗಾಗುವ ತಂತಿಯೇ ಬೇಡವಲ್ಲ. 28 ಗೇಜಿನ ನೈಕ್ರೋಮ್ ತಂತಿಗೆ ಮೀಟರಿಗೆ ಹತ್ತು ಓಮ್‌ನಷ್ಟು ರೋಧವಿರುತ್ತದೆ. 12 ಓಮ್‌ಗೆ ಮೀಟರಿಗಿಂತ ತುಸು ಹೆಚ್ಚು ಉದ್ದ ಸಾಕು. 12 ವ್ಯಾಟ್ ಪೂರ್ತಿ ಆ ಒಂದೆಳೆಯಲ್ಲೇ ಹೊರಬರಬೇಕಾದರೆ, ಸುತ್ತ ಹತ್ತಿಯಿರುವಾಗ ತಂತಿಯ ಮೈ 100 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ತಂತಿಯ ಮೇಲೆ ಸುಡು, ಎರಡು ಬೆರಳು ಆಚೆ ತಣ್ಣಗೆ. ಅಂಥ ಪ್ಯಾಡು ಹಿತವೂ ಅಲ್ಲ, ಸುರಕ್ಷಿತವೂ ಅಲ್ಲ.

ವ್ಯಾಟಿನ ಸಂಖ್ಯೆಗಿಂತ ಅದು ಎಷ್ಟು ಜಾಗಕ್ಕೆ ಹರಡುತ್ತದೆ ಎನ್ನುವುದು ಮುಖ್ಯ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು, ಅದರ ಮೂತಿ ತವರವನ್ನು ನೀರಿನಂತೆ ಕರಗಿಸುತ್ತದೆ. ಅದೇ 25 ವ್ಯಾಟನ್ನು ಒಂದು ಟವೆಲ್ಲಿನ ಅಗಲಕ್ಕೆ ಹಂಚಿದರೆ ಮಗುವಿನ ಮೈ ಮುಟ್ಟಿದಷ್ಟು ಬೆಚ್ಚಗಿರುತ್ತದೆ, ಅಷ್ಟೇ.

ಆದ್ದರಿಂದ ಸಿಲಿಕಾನ್ ರಬ್ಬರಿನ ಹೊದಿಕೆಯಿರುವ ಕಾರ್ಬನ್ ಫೈಬರ್ ಹೀಟಿಂಗ್ ಕೇಬಲ್ ತರಿಸಿಕೊಳ್ಳಿ. ಮೀಟರಿಗೆ 33 ಓಮ್ ಎಂದು ನಮೂದಿಸಿರುವ ಜಾತಿಯದು ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು 1.1 ಮೀಟರಿನ ಮೂರು ತುಂಡು ಮಾಡಿದರೆ ಒಂದೊಂದರ ರೋಧ ಸುಮಾರು 36 ಓಮ್; ಮೂರನ್ನೂ ಸಮಾಂತರವಾಗಿ, ಅಂದರೆ ಎಲ್ಲದರ ಒಂದು ತುದಿ ಪ್ಲಸ್ಸಿಗೆ, ಇನ್ನೊಂದು ತುದಿ ಮೈನಸ್ಸಿಗೆ ಬರುವಂತೆ ಜೋಡಿಸಿದರೆ ಒಟ್ಟು ರೋಧ 12 ಓಮ್. ಒಂದೊಂದು ಎಳೆಯಲ್ಲಿ ಹರಿಯುವುದು ಆಂಪಿಯರ್‌ನ ಮೂರನೆಯ ಒಂದು ಪಾಲು, ಹುಟ್ಟುವುದು 4 ವ್ಯಾಟ್. ನಡುವೆ ಒಂದು ಎಳೆ ಕಡಿದುಹೋದರೂ ಉಳಿದೆರಡು ತಮ್ಮ ಪಾಡಿಗೆ ನಡೆಯುತ್ತವೆ, ಕಾವು ಮಾತ್ರ ತಗ್ಗುತ್ತದೆ. ಇದೇ ಮೂರನ್ನು ಸರಣಿಯಲ್ಲಿ ಒಂದರ ಬಾಲಕ್ಕೆ ಒಂದನ್ನು ಕಟ್ಟಿದರೆ ಸಿಗುವುದು ಒಂದೂಕಾಲು ವ್ಯಾಟಿನಷ್ಟು ಮಾತ್ರ. ಬಿಸಿಯೇ ಆಗಲಿಲ್ಲ ಎಂದು ನೀವು ಮತ್ತೆ ಪತ್ರ ಬರೆಯಬೇಕಾದೀತು.

40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ದಪ್ಪ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಹಳೆಯ ಧೋತರವನ್ನು ನಾಲ್ಕು ಪದರ ಮಾಡಿದರೆ ಚೆನ್ನ; ಟೆರಿಲಿನ್, ನೈಲಾನ್, ಸ್ಪಂಜು ಬೇಡ, ಅವು ಕರಗಿ ಮೈಗೆ ಅಂಟುತ್ತವೆ. ಕೇಬಲನ್ನು ಹಾವಿನಂತೆ ಹೊರಳಿಸುತ್ತ, ಸಾಲಿನಿಂದ ಸಾಲಿಗೆ ಮೂರು ಬೆರಳು ಅಂತರ ಬಿಟ್ಟು, ದಾರದಿಂದ ಅಲ್ಲಲ್ಲಿ ಹಿಡಿಹೊಲಿಗೆ ಹಾಕಿ. ಸೂಜಿ ಕೇಬಲಿನ ಪಕ್ಕದಿಂದ ಹೋಗಬೇಕು, ಮೈ ಚುಚ್ಚಬಾರದು. ಎಳೆಯೊಂದು ಇನ್ನೊಂದರ ಮೇಲೆ ಎಲ್ಲಿಯೂ ಹಾಯಬಾರದು. ಹಾಯ್ದ ಕಡೆ ಎರಡರ ಕಾವು ಕೂಡಿ ಆ ಜಾಗ ಕಂದುತ್ತದೆ. ಹೊಲಿಗೆಯ ವಿಷಯದಲ್ಲಿ ಮನೆಯಲ್ಲಿ ಕೌದಿ ಹೊಲಿಯುವವರನ್ನೇ ಕೇಳಿ, ಅವರ ಕೈ ನನಗಿಂತ ನಿಮಗಿಂತ ಚೆನ್ನಾಗಿ ಓಡುತ್ತದೆ.

ಇನ್ನು ಜೋಡಣೆ. ಇಂಥ ಪ್ಯಾಡುಗಳು ಕೆಡುವುದು, ಸುಡುವುದು ಬಹುತೇಕ ಇಲ್ಲಿಯೇ. ಕಾರ್ಬನ್ ಎಳೆಗೆ ತವರದ ಬೆಸುಗೆ ಹಿಡಿಯುವುದಿಲ್ಲ. ತಾಮ್ರದ ಎಳೆಗಳೊಡನೆ ಅದನ್ನು ಹುರಿಮಾಡಿ ಇನ್ಸುಲೇಶನ್ ಟೇಪು ಸುತ್ತಿದರೆ ಮೊದಲ ದಿನ ನಡೆಯುತ್ತದೆ, ಹದಿನೈದನೆಯ ದಿನಕ್ಕೆ ಸಡಿಲಾಗುತ್ತದೆ. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ, ತರಬೇತಿ ಕೇಂದ್ರದಲ್ಲಿ ಇಪ್ಪತ್ತು ವರ್ಷ ಹುಡುಗರಿಗೆ ವೈರಿಂಗ್ ಪಾಠ ಹೇಳಿದ ನಾನೇ, ತಾಯಿಯವರಿಗೆಂದು ಒಂದು ಪ್ಯಾಡ್ ಮಾಡಿ ಅವಸರದಲ್ಲಿ ಟೇಪು ಸುತ್ತಿ ಕೊಟ್ಟಿದ್ದೆ. ಒಂದು ರಾತ್ರಿ ತಾಯಿ ಎದ್ದು ಕುಳಿತು, ಯಾರೋ ರಬ್ಬರ್ ಚಪ್ಪಲಿ ಸುಡುತ್ತಿದ್ದಾರೆ ನೋಡು ಎಂದರು. ಪ್ಯಾಡ್ ಬಿಚ್ಚಿ ನೋಡಿದರೆ ಜೋಡಣೆಯ ಜಾಗದಲ್ಲಿ ಟೇಪು ಕರಗಿ ಬೆಲ್ಲದ ಪಾಕದಂತೆ ಎಳೆ ಬಿಟ್ಟಿತ್ತು, ಬಟ್ಟೆಯಲ್ಲಿ ಎಂಟಾಣೆಯಷ್ಟು ಅಗಲದ ಕಂದು ಕಲೆ. ಉಳಿದೆಡೆಯೆಲ್ಲ ತಂತಿ ಹದವಾಗಿಯೇ ಇತ್ತು.

ಆದದ್ದು ಇಷ್ಟು. ಇಂಗ್ಲೆಂಡಿನ ಜೇಮ್ಸ್ ಜೌಲ್ 1840ರ ದಶಕದಲ್ಲಿ ತೋರಿಸಿಕೊಟ್ಟಂತೆ ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಕಾವು ಹುಟ್ಟುತ್ತದೆ. ಸಡಿಲ ಜೋಡಣೆಯ ರೋಧ ಒಂದು ಓಮ್ ಆಗಿದ್ದರೆ, ಒಂದು ಆಂಪಿಯರ್ ಹರಿದಾಗ ಅಲ್ಲಿ ಒಂದು ವ್ಯಾಟ್. ಒಂದು ವ್ಯಾಟ್ ಕೇಳಲು ಅಲ್ಪವೇ ಸರಿ, ಆದರೆ ಅದು ಬೀಳುವುದು ಜೋಳದ ಕಾಳಿನಷ್ಟು ಜಾಗದ ಮೇಲೆ. ಕರೆಂಟು ನಾಲ್ಕು ಪಟ್ಟಾದರೆ ಅದೇ ಕಾಳಿನ ಮೇಲೆ ಹದಿನಾರು ವ್ಯಾಟ್. ಹೀಗಾಗಿ ಪ್ರತಿ ತುದಿಗೂ ತಾಮ್ರದ ಕ್ರಿಂಪ್ ಕೊಳವೆ ತೊಡಿಸಿ, ಕ್ರಿಂಪಿಂಗ್ ಇಕ್ಕಳದಿಂದಲೇ ಒತ್ತಿ, ಮೇಲೆ ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ತೋಳು ಹಾಕಿ. ಒತ್ತಿದ ಮೇಲೆ ಎರಡೂ ಕಡೆ ಹಿಡಿದು ಗಟ್ಟಿಯಾಗಿ ಎಳೆದು ನೋಡಬೇಕು. ಬಿಚ್ಚಿ ಬಂದರೆ ಈಗಲೇ ಬಂದದ್ದು ಒಳ್ಳೆಯದಾಯಿತು ಎಂದುಕೊಳ್ಳಿ. ಆರೂ ಜೋಡಣೆಗಳು ಪ್ಯಾಡಿನ ಅಂಚಿನಲ್ಲಿ, ಮಡಚದ ಜಾಗದಲ್ಲಿರಲಿ. ಬ್ಯಾಟರಿಯಿಂದ ಪ್ಯಾಡಿಗೆ ಬರುವ ವೈರು 0.75 ಚದರ ಮಿಲಿಮೀಟರಿನ ಬಹುಎಳೆಯ ತಾಮ್ರದ್ದಾಗಿರಲಿ, ಅದು ಪ್ಯಾಡಿನ ಬಟ್ಟೆಗೆ ಗಂಟಿನಿಂದ ಬಿಗಿದಿರಲಿ. ನಿದ್ದೆಯಲ್ಲಿ ಕಾಲು ಝಾಡಿಸಿದಾಗ ಎಳೆತ ಗಂಟಿನ ಮೇಲೆ ಬೀಳಬೇಕೇ ಹೊರತು ಕ್ರಿಂಪಿನ ಮೇಲೆ ಅಲ್ಲ.

ಫ್ಯೂಸು ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣುದ್ದದೊಳಗೆ ಇರಬೇಕು. ಮೋಟಾರು ಸೈಕಲ್ ಅಂಗಡಿಯಲ್ಲಿ ಸಿಗುವ 2 ಆಂಪಿಯರ್‌ನ ಬ್ಲೇಡ್ ಫ್ಯೂಸು ಸಾಕು. ಪ್ಯಾಡಿನ ಹತ್ತಿರ ಫ್ಯೂಸು ಹಾಕಿ, ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರನ್ನು ಇಲಿ ಕಡಿದರೆ ಆ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. 2 ಆಂಪಿಯರ್‌ನದು ಸಿಗಲಿಲ್ಲವೆಂದು 15 ಹಾಕುವುದು, ಅಥವಾ ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ನಮ್ಮಲ್ಲಿ ಬಹಳ ಇದೆ. ಹಾಗೆ ಮಾಡುವವರು ಪ್ಯಾಡ್ ಮಾಡದಿರುವುದೇ ಲೇಸು.

ಫ್ಯೂಸು ನಮ್ಮನ್ನು ಕಾಪಾಡುವುದು ಹೆಚ್ಚು ಕರೆಂಟಿನಿಂದ, ಹೆಚ್ಚು ಬಿಸಿಯಿಂದಲ್ಲ. ಪ್ಯಾಡು ಮುದುಡಿ ಕೌದಿಯಡಿ ಸಿಕ್ಕಿಕೊಂಡರೆ ಅದೇ ಒಂದು ಆಂಪಿಯರ್‌ನಲ್ಲೇ ಅದು ಏರುತ್ತಾ ಹೋಗುತ್ತದೆ, ಫ್ಯೂಸು ಸುಮ್ಮನಿರುತ್ತದೆ. ಅದಕ್ಕಾಗಿ ಬೈಮೆಟಲ್ ಥರ್ಮೋಸ್ಟಾಟ್ ಬೇಕು. ನಿಗದಿತ ಉಷ್ಣತೆಗೆ ತಾನೇ ತೆರೆದುಕೊಂಡು, ತಣಿದ ಮೇಲೆ ತಾನೇ ಮುಚ್ಚಿಕೊಳ್ಳುವ ಬೆರಳುಗುರಿನಷ್ಟು ಸ್ವಿಚ್ ಅದು. ಸಾಮಾನ್ಯರಿಗೆ 45 ಡಿಗ್ರಿಯದು ಸಾಕು, ನಿಮ್ಮ ತಂದೆಗೆ 40 ಡಿಗ್ರಿಯದನ್ನೇ ತರಿಸಿ. ಈ ಸ್ವಿಚ್ಚುಗಳು ಐದು ಡಿಗ್ರಿ ಆಚೀಚೆ ಆಗುವುದುಂಟು. ಒಂದರ ಬದಲು ಎರಡನ್ನು ಸರಣಿಯಲ್ಲಿ ಹಾಕಿ, ಪ್ಯಾಡಿನ ಎಡಭಾಗಕ್ಕೊಂದು ಬಲಭಾಗಕ್ಕೊಂದು ಕೇಬಲಿಗೆ ತಾಗಿದಂತೆ ಕಟ್ಟಿ. ಒಂದೇ ಇದ್ದರೆ ಅದು ತಾನು ಕುಳಿತ ಜಾಗದ ಬಿಸಿಯನ್ನಷ್ಟೇ ಬಲ್ಲದು. ಮಡಿಕೆ ಬಿದ್ದದ್ದು ಇನ್ನೊಂದು ಮೂಲೆಯಲ್ಲಾದರೆ ಅದಕ್ಕೆ ತಿಳಿಯುವುದಿಲ್ಲ. ಇವುಗಳ ಸಂಪರ್ಕಬಿಂದು ಎಂದಾದರೂ ಅಂಟಿಕೊಂಡುಬಿಟ್ಟರೆ ಎಂಬ ಭಯಕ್ಕೆ, 70 ಡಿಗ್ರಿಯ ಆಸುಪಾಸಿನ ಒಂದು ಥರ್ಮಲ್ ಫ್ಯೂಸನ್ನೂ ಅದೇ ದಾರಿಯಲ್ಲಿ ಸೇರಿಸಿ. ಅದು ಒಮ್ಮೆ ಕಡಿದರೆ ಕಡಿದಂತೆ. ಅದನ್ನು ಬೆಸುಗೆ ಹಾಕಿ ಕೂರಿಸಲು ಹೋದರೆ ಬೆಸುಗೆಯ ಬಿಸಿಗೇ ಕಡಿದುಹೋಗುತ್ತದೆ, ಹಾಗಾಗಿ ಅದಕ್ಕೂ ಕ್ರಿಂಪೇ ಗತಿ.

40 ಡಿಗ್ರಿ ಎಂದು ನಾನು ಏಕೆ ಹಟ ಹಿಡಿಯುತ್ತೇನೆ ಎಂದರೆ, ಸುಟ್ಟಗಾಯಕ್ಕೆ ಬೆಂಕಿಯೇ ಆಗಬೇಕೆಂದಿಲ್ಲ. ಚರ್ಮದ ಮೇಲೆ 60 ಡಿಗ್ರಿ ಕೆಲವು ಸೆಕೆಂಡಿನಲ್ಲಿ ಮಾಡುವ ಗಾಯವನ್ನು 50 ಡಿಗ್ರಿ ಕೆಲವು ನಿಮಿಷದಲ್ಲಿ ಮಾಡುತ್ತದೆ, 44 ಡಿಗ್ರಿ ಸುಮಾರು ಆರು ತಾಸಿನಲ್ಲಿ ಮಾಡುತ್ತದೆ. 44 ಡಿಗ್ರಿ ಕೈಗೆ ಹಿತವಾದ ಬಿಸಿ, ಸ್ನಾನದ ನೀರಿಗಿಂತ ಹೆಚ್ಚೇನಲ್ಲ. ಅದೇ ಒಂದೇ ಜಾಗದಲ್ಲಿ ರಾತ್ರಿಯಿಡೀ ಕುಳಿತರೆ ಬೊಬ್ಬೆ ಎಬ್ಬಿಸುತ್ತದೆ. ಆರೋಗ್ಯವಂತರು ನಿದ್ದೆಯಲ್ಲೂ ಉರಿ ತಾಗಿ ಮಗ್ಗಲು ಬದಲಿಸುತ್ತಾರೆ. ಹತ್ತು ವರ್ಷದಿಂದ ಶುಗರ್ ಇರುವವರಲ್ಲಿ ಅನೇಕರಿಗೆ ಪಾದದ ನರಗಳು ಮಂದವಾಗಿ ಜೋಮು ಹಿಡಿದಂತಿರುತ್ತವೆ, ಉರಿ ತಿಳಿಯುವುದೇ ಇಲ್ಲ, ಆದ ಗಾಯ ಮಾಯುವುದೂ ನಿಧಾನ. ನಿಮ್ಮ ತಂದೆಯ ಪಾದಕ್ಕೆ ಈ ಪ್ಯಾಡನ್ನಾಗಲಿ ಬಿಸಿನೀರಿನ ಚೀಲವನ್ನಾಗಲಿ ಇಡಲೇಬೇಡಿ. ಪಾದಕ್ಕೆ ಸಡಿಲವಾದ ಉಣ್ಣೆಯ ಕಾಲುಚೀಲ ಸಾಕು. ಮೊಣಕಾಲಿಗೆ ಇಡುವ ಮೊದಲೂ ಒಮ್ಮೆ ಅವರ ವೈದ್ಯರನ್ನು ಕೇಳಿ. ಮೊಣಕಾಲಿನ ಚರ್ಮದ ಸ್ಪರ್ಶ ಸರಿಯಿದೆಯೇ ಎಂದು ಅವರು ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಇಡುವಾಗಲೂ ಪ್ಯಾಡನ್ನು ಬರಿ ಮೈಗೆ ತಾಗಿಸದೆ ಧೋತರದ ಮೇಲಿಟ್ಟು ಅದರ ಮೇಲೆ ಕೌದಿ ಹೊದೆಯಬೇಕು. ಪ್ಯಾಡಿನ ಮೇಲೆ ಮಲಗುವುದು ಬೇಡ: ಮೈಯ ಭಾರ ಬಿದ್ದ ಜಾಗದಲ್ಲಿ ರಕ್ತದ ಓಡಾಟ ತಗ್ಗಿ, ಚರ್ಮ ಬಿಸಿಯನ್ನು ಸಾಗಹಾಕಲಾರದೆ ಬೇಗ ಸುಡುತ್ತದೆ. ಇನ್ನೊಂದು ಮಾತು, ನಾಲ್ಕು ತಾಸಿನ ಕಾವನ್ನು ನಿದ್ದೆಯಲ್ಲಿ ಕಳೆಯುವುದಕ್ಕಿಂತ ಮಲಗುವ ಅರ್ಧ ತಾಸು ಮೊದಲು ಹಾಸಿಗೆಗೆ, ಮಲಗಿ ನಿದ್ದೆ ಹತ್ತುವವರೆಗೆ ಒಂದು ತಾಸು ಮೊಣಕಾಲಿಗೆ, ಮತ್ತೆ ನಡುರಾತ್ರಿ ವಾಲ್ವ್ ತಿರುಗಿಸಲು ಎದ್ದು ತೊಯ್ದು ಬಂದಾಗ ಇನ್ನೊಂದು ತಾಸು ಹೀಗೆ ಬಳಸುವುದು ಜಾಣತನ. ಇದಕ್ಕೆ 12 ವೋಲ್ಟಿನ ಟೈಮರ್ ಮಾಡ್ಯೂಲ್ ಸೇರಿಸಿ ಒಂದು ತಾಸಿಗೆ ಇಟ್ಟುಬಿಡಿ. ಆರಿಸುವುದನ್ನು ಮರೆಯುವುದು ವಯಸ್ಸಾದವರ ತಪ್ಪಲ್ಲ, ನಿದ್ದೆ ಬಂದವರ ಸ್ವಭಾವ.

ತಂದೆಯ ಕೈಗೆ ಕೊಡುವ ಮೊದಲು ಒಂದು ಸಂಜೆ ಮನೆಯಲ್ಲಿ ಪರೀಕ್ಷೆ ಮಾಡಿ. ಮಲ್ಟಿಮೀಟರಿನಲ್ಲಿ ರೋಧ ಅಳೆದರೆ 12 ಓಮ್‌ನ ಹತ್ತಿರವಿರಬೇಕು. 6 ತೋರಿಸಿದರೆ ತುಂಡುಗಳ ಅಳತೆ ತಪ್ಪಿದೆ ಅಥವಾ ಕೇಬಲ್ ಬೇರೆ ಜಾತಿಯದು. ನಂತರ ಪ್ಯಾಡನ್ನು ಎರಡು ಕೌದಿಗಳ ನಡುವೆ ಇಟ್ಟು, ಅಡುಗೆಯ ಅಥವಾ ಅಕ್ವೇರಿಯಂನ ಥರ್ಮಾಮೀಟರನ್ನು ಕೇಬಲಿನ ಪಕ್ಕ ತೂರಿಸಿ, ಎರಡು ತಾಸು ಎದುರಿಗೇ ಕುಳಿತು ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಥರ್ಮೋಸ್ಟಾಟ್ ತೆರೆದಾಗ ಕರೆಂಟು ನಿಲ್ಲುವುದನ್ನು ಕಣ್ಣಾರೆ ನೋಡಬೇಕು. ಪ್ರತಿ ಕ್ರಿಂಪಿನ ಮೇಲೆ ಬೆರಳಿಟ್ಟು ನೋಡಿ, ಪ್ಯಾಡಿಗಿಂತ ಕ್ರಿಂಪು ಬಿಸಿಯಾಗಿದ್ದರೆ ಅದನ್ನು ಕತ್ತರಿಸಿ ಹೊಸದು ಹಾಕಿ.

ಬ್ಯಾಟರಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅದು ಹಾಸಿಗೆಯ ಮೇಲೆ ಇರಬಾರದು. ನೆಲದ ಮೇಲೆ ಪ್ಲಾಸ್ಟಿಕ್ ಕ್ರೇಟಿನಲ್ಲಿ, ತುದಿಗಳಿಗೆ ಮುಚ್ಚಳ ಹಾಕಿ ಇಡಿ. ಚಾರ್ಜಿನ ಹೊತ್ತಿನಲ್ಲಿ ಲೆಡ್-ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಸ್ವಲ್ಪ ಹೊರಬರಬಹುದಾದ್ದರಿಂದ ಆ ಕೆಲಸ ಗಾಳಿಯಾಡುವಲ್ಲಿ ನಡೆಯಲಿ. ಅರ್ಧಕ್ಕೆ ನಿಲ್ಲಿಸಲು ಲೋ-ವೋಲ್ಟೇಜ್ ಕಟ್-ಆಫ್ ಮಾಡ್ಯೂಲ್ ಸಿಗುತ್ತದೆ, ಲೋಡಿನಲ್ಲಿರುವಾಗ 11.8 ವೋಲ್ಟಿನ ಆಸುಪಾಸಿಗೆ ಕಡಿಯುವಂತೆ ಹೊಂದಿಸಿ. ಹಳೆಯ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಬಿಚ್ಚಿ ಪ್ಯಾಕು ಕಟ್ಟುವುದನ್ನು ನಿಮ್ಮ ಗೆಳೆಯರು ಸೂಚಿಸಬಹುದು. ಬೇಡ. ಒಂದು ಸೆಲ್ಲಿನೊಳಗೆ ಶಾರ್ಟ್ ಆದರೆ ಅದರ ಬಿಸಿಗೆ ಪಕ್ಕದ್ದು, ಅದರ ಬಿಸಿಗೆ ಇನ್ನೊಂದು ಹೀಗೆ ಹತ್ತಿಕೊಳ್ಳುವ ಬೆಂಕಿ ಒಣ ಸೊಪ್ಪೆಯ ಬಣವೆಯ ಪಕ್ಕದಲ್ಲಿ ಆಡುವ ಆಟವಲ್ಲ. ಮುಂದೆ ಹೊಸದು ಕೊಳ್ಳುವುದಾದರೆ ಕಾರ್ಖಾನೆಯಲ್ಲೇ ರಕ್ಷಣಾ ಸರ್ಕಿಟ್ ಕೂರಿಸಿದ 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕು, ಅದರದೇ ಚಾರ್ಜರಿನೊಡನೆ ಕೊಳ್ಳಿ. ಅದು ಹಗುರ, ಐದರಲ್ಲಿ ನಾಲ್ಕು ಪಾಲು ಬಳಸಿದರೂ ತಡೆಯುತ್ತದೆ. ಇನ್ವರ್ಟರ್ ಹಾಕಿ ಅಂಗಡಿಯ 230 ವೋಲ್ಟಿನ ಪ್ಯಾಡ್ ನಡೆಸುವ ಯೋಚನೆಯನ್ನೂ ಬಿಡಿ. ತೊಯ್ದ ಕಾಲಿನ ಮನುಷ್ಯನ ಹಾಸಿಗೆಗೆ 230 ವೋಲ್ಟ್ ತರುವುದಕ್ಕಾಗಿ ಇಷ್ಟೆಲ್ಲ ಮಾಡಬೇಕಾಗಿಲ್ಲ.

ಚಳಿ ಹೆಚ್ಚಾದ ರಾತ್ರಿ ಬೋಗುಣಿಯಲ್ಲಿ ಕೆಂಡ ತುಂಬಿ ಶೆಡ್ಡಿನೊಳಗಿಟ್ಟು, ಸುತ್ತ ತಾಡಪತ್ರಿ ಇಳಿಬಿಡುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ಇಂದೇ ನಿಲ್ಲಿಸಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅಗ್ಗಿಷ್ಟಿಗೆ ಏನಿದ್ದರೂ ಬಯಲಿನಲ್ಲಿ.

ಕೊನೆಗೆ ನಿಮ್ಮ ಸೋಲಾರ್ ಪ್ರಶ್ನೆ. ರಾತ್ರಿ ತೆಗೆದ 48 ವ್ಯಾಟ್-ಅವರನ್ನು ಮರಳಿ ತುಂಬಲು, ಚಾರ್ಜಿನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಸುಮಾರು 65ರಿಂದ 70 ವ್ಯಾಟ್-ಅವರ್ ಬೇಕು. ವಿಜಯಪುರದ ಚಳಿಗಾಲದ ಬಿಸಿಲು ಚೊಕ್ಕವಾದದ್ದು. 20 ವ್ಯಾಟಿನ ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಂತರೆ ದಿನಕ್ಕೆ ಹೆಚ್ಚುಕಡಿಮೆ ಅಷ್ಟನ್ನು ಕೊಟ್ಟೀತು, ಮಿಗಿಸುವುದಿಲ್ಲ. 40 ವ್ಯಾಟಿನದಾದರೆ ಮೋಡದ ದಿನಕ್ಕೂ ಧೈರ್ಯ. ಪ್ಯಾನೆಲ್‌ನಿಂದ ಬ್ಯಾಟರಿಗೆ ನೇರ ಕೊಡದೆ ನಡುವೆ ಚಾರ್ಜ್ ಕಂಟ್ರೋಲರ್ ಹಾಕಿ, ಏಕೆಂದರೆ ಹೆಸರಿಗೆ 12 ವೋಲ್ಟಿನದಾದರೂ ಪ್ಯಾನೆಲ್ ಯಾವುದಕ್ಕೂ ಜೋಡಿಸದೆ ಬಿಸಿಲಿನಲ್ಲಿರುವಾಗ 20 ವೋಲ್ಟ್‌ಗೂ ಮೇಲೆ ಏರುತ್ತದೆ, ಬ್ಯಾಟರಿಗೆ 14.4ಕ್ಕಿಂತ ಹೆಚ್ಚು ಸಲ್ಲದು. ಆದರೆ ಹಗಲೆಲ್ಲ ಔಷಧ ಹೊಡೆದ ದಿನ ಬ್ಯಾಟರಿ ಸಂಜೆಗೇ ಅರ್ಧ ಇಳಿದಿರುತ್ತದೆ, ಆ ರಾತ್ರಿ ಪ್ಯಾಡು ಹಚ್ಚಬೇಡಿ. ಎರಡು ಲೀಟರಿನ ರಬ್ಬರ್ ಚೀಲಕ್ಕೆ 60 ಡಿಗ್ರಿಯ ನೀರು ತುಂಬಿ ಟವೆಲ್ಲಿನಲ್ಲಿ ಸುತ್ತಿ, ತಂದೆ ಊಟ ಮಾಡುವ ಹೊತ್ತಿಗೆ ಹಾಸಿಗೆಯೊಳಗೆ ಇಟ್ಟು, ಅವರು ಮಲಗುವಾಗ ತೆಗೆದುಬಿಡಿ. ಆ ನೀರು 35 ಡಿಗ್ರಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವ ಕಾವು 58 ವ್ಯಾಟ್-ಅವರ್, ನಿಮ್ಮ ಅರ್ಧ ಬ್ಯಾಟರಿಗಿಂತ ಹತ್ತು ಹೆಚ್ಚು.